ಮೂವತ್ತು ತುಂಬುವುದರೊಳಗೆ

ಕಳೆದ ಜೂನ್ ತಿಂಗಳ ಒಂದು ಭಾನುವಾರ. ಬೆಳಗ್ಗೆ ಒಂಬತ್ತಕ್ಕೇ ಕಂಟೋನ್ಮೆಂಟ್ ರಸ್ತೆ ಹಂಚಿನ ಹಾಗೆ ಕಾದಿತ್ತು. ಬಳ್ಳಾರಿಯಲ್ಲಿ ಇರೋದೇ ಎರಡು ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಮ್ಮನ್ನು ನಾವೇ ಆಡಿಕೊಳ್ಳುತ್ತೇವಲ್ಲ, ಮಳೆ ಬರಬೇಕಾದ ತಿಂಗಳಲ್ಲೂ ಆ ಮಾತು ಸುಳ್ಳಾಗಿರಲಿಲ್ಲ. ಸಿರುಗುಪ್ಪದ ಮೊದಲ ಬಸ್ಸಿಗೆ ಬಂದ ಚಿಕ್ಕಪ್ಪನ ಮಗಳು ಚಪ್ಪಲಿ ಬಿಟ್ಟವಳೇ ಕೈಯಲ್ಲಿದ್ದ ಪ್ಲಾಸ್ಟಿಕ್ ಫೈಲನ್ನು ನನ್ನ ಮುಂದೆ ಇಟ್ಟಳು. ಅಮ್ಮ ಒಗ್ಗರಣೆ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಅಪ್ಪ ವರಾಂಡದಲ್ಲಿ ಪೇಪರ್ ಓದುತ್ತಿದ್ದರು.

"ಅಕ್ಕ, ಇದ್ರಾಗೆ ಯಾವ್ದು ತಗೋಬೇಕು ಹೇಳು. ನನಗೆ ಒಂದೂ ತಿಳೀವಲ್ದು."

ಫೈಲಿನಲ್ಲಿ ಮೂರು ಹೆಲ್ತ್ ಇನ್ಶೂರೆನ್ಸ್ ಪ್ಲಾನ್‌ಗಳ ಪ್ರಿಂಟ್‌ಔಟ್. ಜರ್ಮನಿಯ ಒಂದು ಸಣ್ಣ ಊರಿನ ಯೂನಿವರ್ಸಿಟಿಯಲ್ಲಿ ಆಕೆಗೆ ಮಾಸ್ಟರ್ಸ್ ಸೀಟು ಸಿಕ್ಕಿತ್ತು. ಬಳ್ಳಾರಿಯಲ್ಲೇ ಇಂಜಿನಿಯರಿಂಗ್ ಓದಿ, ತೋರಣಗಲ್ಲಿನಲ್ಲಿ ಆರು ವರ್ಷ ಶಿಫ್ಟ್ ಡ್ಯೂಟಿ ಮಾಡಿ, ರೊಕ್ಕ ಕೂಡಿಸಿಕೊಂಡು ಹೊರಟ ಹುಡುಗಿ. ಸೀಟು ಹುಡುಕೋಕೆ, ಬ್ಲಾಕ್ಡ್ ಅಕೌಂಟ್ ತೆರೆಯೋಕೆ, ವೀಸಾ ಅರ್ಜಿ ತುಂಬೋಕೆ ಯಾರನ್ನೂ ಕೇಳಿದವಳಲ್ಲ. ಇನ್ಶೂರೆನ್ಸ್ ಹಾಳೆ ಬಂದಾಗ ಮಾತ್ರ ಸಿಕ್ಕಿಹಾಕಿಕೊಂಡಿದ್ದಳು. ನಾನು ಅಮೆರಿಕದಲ್ಲಿ ಓದಿ ಬಂದವಳಾದ್ದರಿಂದ ನನಗೆ ಎಲ್ಲಾ ಗೊತ್ತಿರುತ್ತದೆ ಅನ್ನೋದು ಆಕೆಯ ನಂಬಿಕೆ. ಗೊತ್ತಿರಲಿಲ್ಲ ಅನ್ನೋದೇ ನನ್ನ ಕಥೆ. ಅದನ್ನು ಹನ್ನೊಂದು ವರ್ಷದಲ್ಲಿ ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ನಮ್ಮ ಮನೆಯದು ರೈಲ್ವೆ ಸಂಸಾರ. ಅಪ್ಪ ಗಾರ್ಡ್ ಆಗಿದ್ದರು. ಜ್ವರ ಬಂದರೆ ರೈಲ್ವೆ ಹೆಲ್ತ್ ಯೂನಿಟ್, ದೊಡ್ಡ ಕಾಯಿಲೆ ಆದರೆ ಹುಬ್ಬಳ್ಳಿಯ ರೈಲ್ವೆ ಆಸ್ಪತ್ರೆಗೆ ಚೀಟಿ. ಅದಕ್ಕೂ ಆಗದಿದ್ದರೆ ಮನೆಯಿಂದ ಆಟೋ ಹತ್ತಿದರೆ ವಿಮ್ಸ್. ಈಗ ಅದರ ಹೆಸರು ಬದಲಾಗಿದೆ, ಆದರೆ ಊರಿಗೆ ಅದು ಇನ್ನೂ ವಿಮ್ಸೇ. ಹೀಗೆ ಬೆಳೆದ ನಮಗೆ ಪ್ರೀಮಿಯಂ, ಕ್ಲೇಮು, ರಿಜೆಕ್ಷನ್ ಅನ್ನೋ ಪದಗಳೇ ಇರಲಿಲ್ಲ. ಚಿಕ್ಕಪ್ಪನದು ಗದ್ದೆ ಮನೆ. ಅವರ ಲೆಕ್ಕ ಇನ್ನೂ ಸಲೀಸು. ಡಾಕ್ಟರ ಹತ್ತಿರ ಹೋಗು, ಕೈಯಲ್ಲಿ ರೊಕ್ಕ ಕೊಡು, ಗುಳಿಗೆ ತಗೊಂಡು ಬಾ. ನಮ್ಮಂಥ ಊರುಗಳಿಂದ ಹೊರಟ ಬಹಳ ಮಕ್ಕಳು ಜೀವನದಲ್ಲಿ ಮೊದಲ ಸಲ ಇನ್ಶೂರೆನ್ಸ್ ಅನ್ನೋದನ್ನು ನೋಡೋದು ವಿದೇಶದ ಯೂನಿವರ್ಸಿಟಿ ಮೇಲ್‌ನಲ್ಲಿ. ಅದೂ ಟಿಕೆಟ್, ಸೂಟ್‌ಕೇಸ್, ಕುಕ್ಕರ್, ಚಟ್ನಿಪುಡಿಯ ಗಡಿಬಿಡಿ ನಡುವೆ. ಹಾಗಾಗಿ ಎಲ್ಲರೂ ಮಾಡೋದು ಒಂದೇ ಕೆಲಸ, ಕಡಿಮೆ ದುಡ್ಡಿನದಕ್ಕೆ ಟಿಕ್ ಮಾಡೋದು.

ನಾನೂ ಅದನ್ನೇ ಮಾಡಿದ್ದೆ. 2014ರ ಆಗಸ್ಟ್. ಯೂನಿವರ್ಸಿಟಿಯ ಪ್ಲಾನಿಗೆ ವರ್ಷಕ್ಕೆ ಹತ್ತಿರ ಹತ್ತಿರ 1,900 ಡಾಲರ್ ಇತ್ತು. ಹೊರಗಿನ ಒಂದು ಪ್ಲಾನ್ 600 ಡಾಲರಿಗೆ ಸಿಗುತ್ತಿತ್ತು. ಅದನ್ನು ತೋರಿಸಿದರೆ ಯೂನಿವರ್ಸಿಟಿಯದರಿಂದ ವೇವರ್, ಅಂದರೆ ವಿನಾಯಿತಿ, ಕೊಡುತ್ತಿದ್ದರು. ರೂಮಿನ ನಾಲ್ಕೂ ಜನ ಅದನ್ನೇ ತಗೊಂಡಿದ್ದೆವು. 1,300 ಡಾಲರ್ ಉಳೀತು ಅಂತ ಆ ರಾತ್ರಿ ಪಿಜ್ಜಾ ತರಿಸಿದ್ದು ನೆನಪಿದೆ.

ಮುಂದಿನ ಫೆಬ್ರವರಿಯಲ್ಲಿ, ಹೊರಗೆ ಹಿಮ ಬೀಳುತ್ತಿದ್ದ ಒಂದು ರಾತ್ರಿ, ಸೊಂಟದಿಂದ ಕೆಳಗೆ ಯಾರೋ ಚಾಕು ಇಟ್ಟು ತಿರುಗಿಸಿದ ಹಾಗಾಯಿತು. ನನಗೆ ಆ ನೋವಿನ ಪರಿಚಯ ಇತ್ತು. ಹತ್ತೊಂಬತ್ತನೇ ವಯಸ್ಸಿಗೆ ಬಳ್ಳಾರಿಯಲ್ಲೇ ಒಮ್ಮೆ ಕಿಡ್ನಿ ಸ್ಟೋನ್ ಆಗಿತ್ತು. ಈ ಬಿಸಿಲಲ್ಲಿ ನೀರು ಕಡಿಮೆ ಕುಡಿದವರಿಗೆ ಅದೇನು ದೊಡ್ಡ ಸುದ್ದಿಯಲ್ಲ. ಎಮರ್ಜೆನ್ಸಿಗೆ ಹೋದೆ. ನರ್ಸ್ ಕೇಳಿದಳು, ಮೊದಲು ಹೀಗಾಗಿತ್ತಾ? ನಾನು ಪ್ರಾಮಾಣಿಕವಾಗಿ ಹೇಳಿದೆ, ಹೌದು, ಐದು ವರ್ಷದ ಹಿಂದೆ. ಡ್ರಿಪ್ ಹಾಕಿದರು, ಸ್ಕ್ಯಾನ್ ಮಾಡಿದರು, ಬೆಳಗಿನ ಜಾವ ಕಳಿಸಿದರು.

ಐದು ವಾರಕ್ಕೆ 7,800 ಡಾಲರ್ ಬಿಲ್ ಬಂತು. ಅದರ ಹಿಂದೆಯೇ ಇನ್ಶೂರೆನ್ಸ್ ಕಂಪನಿಯ ಪತ್ರ. 'ಮೊದಲೇ ಇದ್ದ ಕಾಯಿಲೆ, ಪಾಲಿಸಿಯಲ್ಲಿ ಸೇರುವುದಿಲ್ಲ.' ನರ್ಸಿಗೆ ನಾನೇ ಹೇಳಿದ ಒಂದು ವಾಕ್ಯ ಆಸ್ಪತ್ರೆಯ ದಾಖಲೆಯಿಂದ ಅವರ ಟೇಬಲಿಗೆ ಹೋಗಿತ್ತು. ಪಾಲಿಸಿ ತೆಗೆದು ನೋಡಿದೆ. ಹದಿನೇಳನೇ ಪುಟದಲ್ಲಿ ಅದು ಇತ್ತು. ಮೋಸ ಅನ್ನೋಕಾಗಲ್ಲ, ನಾನು ಓದಿರಲಿಲ್ಲ ಅಷ್ಟೇ.

ಇಂಟರ್‌ನ್ಯಾಷನಲ್ ಆಫೀಸಿನ ಒಬ್ಬ ಹಿರಿಯ ಹೆಂಗಸು ನನ್ನನ್ನು ಕೂರಿಸಿಕೊಂಡು ಒಂದು ವಿಷಯ ಹೇಳಿಕೊಟ್ಟರು. ಅಮೆರಿಕದಲ್ಲಿ ಲಾಭದ ಉದ್ದೇಶವಿಲ್ಲದೆ ನಡೆಯೋ, ತೆರಿಗೆ ವಿನಾಯಿತಿ ಇರೋ ಆಸ್ಪತ್ರೆಗಳು ಕಷ್ಟದಲ್ಲಿರೋರಿಗೆ ಬಿಲ್ ಇಳಿಸೋಕೆ ಒಂದು ಲಿಖಿತ ನಿಯಮ ಇಟ್ಟಿರಲೇಬೇಕು. ಕೇಳಿದವರಿಗೆ ಸಿಗುತ್ತದೆ, ಕೇಳದವರಿಗೆ ಪೂರ್ತಿ ಬಿಲ್. ಫಾರಂ ತುಂಬಿದೆ. 3,100ಕ್ಕೆ ಇಳಿಯಿತು. ಲೈಬ್ರರಿಯಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಪುಸ್ತಕ ಜೋಡಿಸಿ ಹದಿನೆಂಟು ಕಂತಿನಲ್ಲಿ ತೀರಿಸಿದೆ. ಆ ವರ್ಷ ದೀಪಾವಳಿಗೆ ಊರಿಗೆ ಯಾಕೆ ಬರಲಿಲ್ಲ ಅಂದರೆ ಪ್ರಾಜೆಕ್ಟ್ ಅಂದಿದ್ದೆ.

ಇದನ್ನೆಲ್ಲಾ ತಂಗಿಗೆ ಹೇಳುತ್ತಾ ಇದ್ದೆ. ವರಾಂಡದಲ್ಲಿ ಪೇಪರ್ ಮಡಚಿದ ಸದ್ದು ಕೇಳಿಸಿತು. ಅಪ್ಪ ಬಾಗಿಲಲ್ಲಿ ನಿಂತಿದ್ದರು.

"ನನಗ್ಯಾಕೆ ಹೇಳಲಿಲ್ಲವ್ವಾ?"

ಏನು ಹೇಳಲಿ? ಆಗ ಅವರ ರಿಟೈರ್‌ಮೆಂಟಿಗೆ ಎರಡು ವರ್ಷ ಇತ್ತು, ನನ್ನ ಎಜುಕೇಶನ್ ಲೋನಿಗೆ ಈ ಮನೆಯನ್ನೇ ಬ್ಯಾಂಕಿಗೆ ಬರೆದುಕೊಟ್ಟಿದ್ದರು. ಅವರು ಮತ್ತೆ ಕೇಳಲಿಲ್ಲ. ಒಳಗೆ ಹೋಗಿ ತಮ್ಮ ರೈಲ್ವೆ ಮೆಡಿಕಲ್ ಕಾರ್ಡ್ ತಂದು ಟೇಬಲ್ ಮೇಲೆ ಇಟ್ಟರು. ಯಾಕೆ ಇಟ್ಟರೋ ಅವರಿಗೂ ಗೊತ್ತಿರಲಿಕ್ಕಿಲ್ಲ. ಆಮೇಲೆ ತಂಗಿಗೆ ಹೇಳಿದರು, "ಸರಿಯಾಗಿ ಓದಿಸ್ಕಳವ್ವ ಅಕ್ಕನ ಕೈಲಿ."

ಅಮೆರಿಕಕ್ಕೆ ಹೋಗೋರಿಗಾಗಿ ಒಂದು ನಿಮಿಷ ಇಲ್ಲೇ ನಿಲ್ಲುತ್ತೇನೆ. ಅಲ್ಲಿನ ಯೂನಿವರ್ಸಿಟಿ ಪ್ಲಾನ್ ದುಬಾರಿ ಯಾಕೆ ಅಂತ ಆಮೇಲೆ ಅರ್ಥ ಆಯಿತು. ಒಬಾಮಾ ಕಾಲದ ಕಾನೂನಿನ ಕೆಳಗೆ ಬರೋ ಸ್ಟೂಡೆಂಟ್ ಪ್ಲಾನ್‌ಗಳು 2014ರಿಂದ ಮೊದಲೇ ಇದ್ದ ಕಾಯಿಲೆಯ ನೆಪ ಹೇಳಿ ಕೈಬಿಡೋ ಹಾಗಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ಮಾದರಿಯ ಅಗ್ಗದ ಪ್ಲಾನ್‌ಗಳಿಗೆ ಆ ಕಾನೂನು ತಾಗೋದಿಲ್ಲ. ನಾನು ಉಳಿಸಿದ 1,300 ಡಾಲರ್ ಆ ಒಂದು ರಕ್ಷಣೆಯ ಬೆಲೆಯಾಗಿತ್ತು. ವೇವರ್ ಕೊಟ್ಟರು ಅಂದ ಮಾತ್ರಕ್ಕೆ ಎರಡೂ ಪ್ಲಾನ್ ಸಮ ಅಂತಲ್ಲ, ಯೂನಿವರ್ಸಿಟಿಯ ಕನಿಷ್ಠ ಷರತ್ತು ದಾಟಿದೆ ಅಂತ ಅಷ್ಟೇ.

ಇನ್ನು ಆ ಪದಗಳು. ಡಿಡಕ್ಟಿಬಲ್ ಅಂದರೆ ಕಂಪನಿ ಜೇಬಿಗೆ ಕೈ ಹಾಕೋ ಮೊದಲು ನೀವು ಕೊಡಬೇಕಾದ ಮೊತ್ತ. ಕೋ-ಇನ್ಶೂರೆನ್ಸ್ ಅಂದರೆ ಆಮೇಲೂ ನಿಮ್ಮ ಪಾಲಿಗೆ ಉಳಿಯೋ ಶೇಕಡಾವಾರು. ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್ ಅಂದರೆ ವರ್ಷಕ್ಕೆ ಇದಕ್ಕಿಂತ ಜಾಸ್ತಿ ನಿಮ್ಮಿಂದ ಕೀಳೋ ಹಾಗಿಲ್ಲ ಅನ್ನೋ ಗೆರೆ. ಡಿಡಕ್ಟಿಬಲ್ 500, ಕೋ-ಇನ್ಶೂರೆನ್ಸ್ 20 ಪರ್ಸೆಂಟ್, ಮ್ಯಾಕ್ಸಿಮಮ್ 3,000 ಇರೋ ಪ್ಲಾನ್ ಅಂದುಕೊಳ್ಳಿ. ಬಿಲ್ 10,000 ಡಾಲರ್ ಆದರೆ ಮೊದಲ 500 ನಿಮ್ಮದು, ಉಳಿದ 9,500ರಲ್ಲಿ ಇಪ್ಪತ್ತು ಪರ್ಸೆಂಟ್ ಅಂದರೆ 1,900 ನಿಮ್ಮದು, ಒಟ್ಟು 2,400. ಬಿಲ್ 50,000 ಆದರೆ ಇದೇ ಲೆಕ್ಕದಲ್ಲಿ 10,400 ಆಗಬೇಕು, ಆದರೆ 3,000ಕ್ಕೆ ನಿಲ್ಲುತ್ತದೆ. ಆ ಕೊನೆಯ ಗೆರೆಯೇ ಇಲ್ಲದ ಪ್ಲಾನ್‌ಗಳೂ ಮಾರಾಟಕ್ಕಿವೆ. ಬ್ರೋಷರ್‌ನಲ್ಲಿ 'ಒಂದು ಲಕ್ಷ ಡಾಲರ್ ಕವರ್' ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ, ಈ ಗೆರೆ ಎಲ್ಲಿದೆ ಅಂತ ಹುಡುಕಿ. ಜೊತೆಗೆ ನೆಟ್‌ವರ್ಕ್ ಪಟ್ಟಿಯಲ್ಲಿ ನಿಮ್ಮ ಕ್ಯಾಂಪಸ್ ಪಕ್ಕದ ಆಸ್ಪತ್ರೆ ಇದೆಯಾ ನೋಡಿ. ಜೀವಕ್ಕೆ ಅಪಾಯ ಇಲ್ಲದ ಸಣ್ಣ ತೊಂದರೆಗೆ ಎಮರ್ಜೆನ್ಸಿ ಬದಲು ಕ್ಯಾಂಪಸ್ ಕ್ಲಿನಿಕ್ ಅಥವಾ ಅರ್ಜೆಂಟ್ ಕೇರ್‌ಗೆ ಹೋಗಿ.

ತಂಗಿಯ ಫೈಲಿಗೆ ಬರೋಣ.

ನನ್ನದು ಒಂದು ರಾತ್ರಿಯ ಕಲ್ಲು. ಆಕೆಯದು ಹಾಗಲ್ಲ. ಹದಿನಾಲ್ಕನೇ ವಯಸ್ಸಿನಿಂದ ಆಕೆಗೆ ಟೈಪ್ ಒನ್ ಡಯಾಬಿಟಿಸ್. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಮನೆಯವರನ್ನು ಬಿಟ್ಟರೆ ಊರಲ್ಲಿ ಹತ್ತು ಜನಕ್ಕೂ ಗೊತ್ತಿಲ್ಲ. ಸಂಬಂಧ ನೋಡೋ ವಯಸ್ಸು, ಹೊರಗೆ ಬರೋದು ಬೇಡ ಅಂತ ಚಿಕ್ಕಪ್ಪ. ಬೆಂಗಳೂರಿನ ಕನ್ಸಲ್ಟೆನ್ಸಿಯವನು ಫೋನಲ್ಲಿ ಹೇಳಿದ್ದನಂತೆ: ತಿಂಗಳಿಗೆ 35 ಯೂರೋದ ಪ್ರೈವೇಟ್ ಪ್ಲಾನ್ ಇದೆ, ಪೂರ್ತಿ ಕೋರ್ಸಿಗೆ ಅದನ್ನೇ ತಗೊಳ್ಳಿ, ಸರ್ಕಾರಿದಾದರೆ 145 ಯೂರೋ ವೇಸ್ಟ್. ಶುಗರ್ ವಿಷಯ ಫಾರಂನಲ್ಲಿ ಬರೀಬೇಡಿ, ಯಾರು ಕೇಳ್ತಾರೆ?

ಯಾರು ಕೇಳುತ್ತಾರೆ ಅಂತ ನನಗೆ ಗೊತ್ತಿತ್ತು. ಮೊದಲ ಕ್ಲೇಮಿನ ದಿನ ಅವರೇ ಕೇಳುತ್ತಾರೆ. ಮುಚ್ಚಿಟ್ಟದ್ದು ಗೊತ್ತಾದರೆ ಬರೀ ಶುಗರಿನ ಬಿಲ್ಲಲ್ಲ, ಪಾಲಿಸಿಯೇ ಕೈಬಿಟ್ಟು ಹೋಗಬಹುದು. ಆ ಮೂರು ಪ್ರಿಂಟ್‌ಔಟಿನಲ್ಲಿ ಎರಡರ ಸಣ್ಣಕ್ಷರದಲ್ಲಿ 'ಈಗಾಗಲೇ ಇರುವ ಕಾಯಿಲೆಗಳಿಗೆ ಅನ್ವಯಿಸುವುದಿಲ್ಲ' ಅಂತ ಸ್ಪಷ್ಟವಾಗಿ ಇತ್ತು. ಅಂದರೆ ಸತ್ಯ ಬರೆದರೂ ಇನ್ಸುಲಿನ್ ಸಿಗಲ್ಲ, ಸುಳ್ಳು ಬರೆದರೂ ಸಿಗಲ್ಲ.

ಜರ್ಮನಿಯ ವ್ಯವಸ್ಥೆ ಬೇರೆ ಥರ. ಬಿಸ್ಮಾರ್ಕ್ 1883ರಲ್ಲಿ ಕಾರ್ಮಿಕರಿಗೆ ಕಾಯಿಲೆ ವಿಮೆಯನ್ನು ಕಡ್ಡಾಯ ಮಾಡಿದ ದೇಶ ಅದು, ಅದೇ ಮರ ಈಗಲೂ ನೆರಳು ಕೊಡುತ್ತಿದೆ. ಅಲ್ಲಿನ ಯೂನಿವರ್ಸಿಟಿಗೆ ಸೇರಿದ, ಮೂವತ್ತು ತುಂಬದ ವಿದ್ಯಾರ್ಥಿ ಶಾಸನಬದ್ಧ ವಿಮೆಗೆ ಸೇರಲೇಬೇಕು. ನಡೆಸೋದು ಟಿಕೆ, ಎಒಕೆ, ಬಾರ್ಮರ್‌ನಂಥ ಸಂಸ್ಥೆಗಳು, ಅವಕ್ಕೆ ಕ್ರಾಂಕೆನ್‌ಕಾಸೆ ಅಂತಾರೆ. ಯಾವುದಕ್ಕೆ ಸೇರಿದರೂ ಮೂಲ ಸೌಲಭ್ಯ ಹೆಚ್ಚುಕಡಿಮೆ ಒಂದೇ, ವಿದ್ಯಾರ್ಥಿ ದರ ತಿಂಗಳಿಗೆ ಸುಮಾರು 145 ಯೂರೋ. ನಿನಗೆ ಯಾವ ಕಾಯಿಲೆ ಇದೆ ಅಂತ ನೋಡಿ ಇವರು ನಿರಾಕರಿಸೋ ಹಾಗಿಲ್ಲ, ದರ ಏರಿಸೋ ಹಾಗೂ ಇಲ್ಲ. ಡಾಕ್ಟರ್ ಹತ್ತಿರ ಹೋದರೆ ಕೌಂಟರಿನಲ್ಲಿ ದುಡ್ಡಿಲ್ಲ. ಔಷಧಿಗೆ ಚೀಟಿ ಬರೆಸಿಕೊಂಡರೆ ಬೆಲೆಯ ಹತ್ತು ಪರ್ಸೆಂಟ್ ಮಾತ್ರ ನಮ್ಮದು, ಅದೂ ಐದು ಯೂರೋಗಿಂತ ಕಡಿಮೆ ಇಲ್ಲ, ಹತ್ತಕ್ಕಿಂತ ಹೆಚ್ಚಿಲ್ಲ. ಆಸ್ಪತ್ರೆಗೆ ಸೇರಿದರೆ ದಿನಕ್ಕೆ ಹತ್ತು ಯೂರೋ, ವರ್ಷಕ್ಕೆ 28 ದಿನದ ತನಕ.

ತಂಗಿ ಕ್ಯಾಲ್ಕುಲೇಟರ್ ತೆಗೆದಳು. ಬ್ಲಾಕ್ಡ್ ಅಕೌಂಟಿಗೆ ಹಾಕಿದ್ದು 11,904 ಯೂರೋ, ಅದರಿಂದ ತಿಂಗಳಿಗೆ ಬರೋದು 992. "145 ಹೋದ್ರೆ 847. ಬಾಡಿಗೆ, ಊಟ... ಬಾಳ ಟೈಟ್ ಆಗುತ್ತಕ್ಕ." ಹೌದು, ಟೈಟೇ. ಆದರೆ ಇನ್ಸುಲಿನ್, ಸೂಜಿ, ಸೆನ್ಸರ್ ಎಲ್ಲಾ ಕೈಯಿಂದ ಕೊಂಡರೆ 35 ಯೂರೋ ಪ್ಲಾನಿನವಳು ತಿಂಗಳ ಕೊನೆಗೆ ಎಲ್ಲಿರುತ್ತಾಳೆ ಅಂತ ಮತ್ತೊಂದು ಹಾಳೆಯಲ್ಲಿ ಕೂಡಿಸಿದೆವು. ಆ ಹಾಳೆ ನೋಡಿ ಆಕೆ ಸುಮ್ಮನಾದಳು.

ಇಲ್ಲಿ ಒಂದು ಬಾಗಿಲ ಬಗ್ಗೆ ಹೇಳಲೇಬೇಕು. ಸೇರಿದ ಮೊದಲ ಮೂರು ತಿಂಗಳಲ್ಲಿ 'ನನಗೆ ಶಾಸನಬದ್ಧ ವಿಮೆ ಬೇಡ' ಅಂತ ಬರೆದುಕೊಟ್ಟು ಪ್ರೈವೇಟ್ ಪ್ಲಾನಿಗೆ ಹೋಗಬಹುದು. ಬೆಫ್ರೈಯುಂಗ್ ಅಂತಾರೆ. ಒಮ್ಮೆ ಆ ಸಹಿ ಹಾಕಿದರೆ ಓದು ಮುಗಿಯೋ ತನಕ ವಾಪಸ್ ಬರೋ ಹಾಗಿಲ್ಲ. ಮಧ್ಯದಲ್ಲಿ ಕಾಯಿಲೆ ಬಂದರೂ, ಪ್ಲಾನ್ ಸರಿ ಇಲ್ಲ ಅಂತ ಗೊತ್ತಾದರೂ ಅಷ್ಟೇ. ಅಗ್ಗದ ಪ್ಲಾನ್ ಮಾರೋರು ಈ ಸಹಿಯನ್ನು 'ಒಂದು ಸಣ್ಣ ಫಾರ್ಮಾಲಿಟಿ' ಅಂತ ಕರೀತಾರೆ. ಜರ್ಮನಿಗೆ ಹೋಗೋರು ಇದೊಂದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಅಲ್ಲಿಗೆ ಮುಗೀತು ಅಂದುಕೊಂಡು ಮಂಡಕ್ಕಿ ಮಿರ್ಚಿ ತಿನ್ನೋಕೆ ಕೂತೆವು. ಆಗ ತಂಗಿ ಬಾಯಿ ಬಿಟ್ಟಳು. "ಅಪ್ಪ ಈ ವರ್ಷ ಬ್ಯಾಡ ಅಂತಾನೆ. ಫೆಬ್ರವರಿಗೆ ಚಿಕ್ಕೋಳ ಮದುವೆ. ದೊಡ್ಡೋಳು ಮದುವೆ ಮನೇಲಿ ಇಲ್ಲಾಂದ್ರೆ ಜನ ಏನಂತಾರೆ, ಒಂದ್ ವರ್ಷ ಬಿಟ್ಟು ಹೋಗು, ಸೀಟು ಎಲ್ಲಿ ಓಡಿ ಹೋಗುತ್ತೆ ಅಂತ. ನಾನೂ ಹ್ಞೂಂ ಅಂದೀನಿ."

ನನಗೆ ಮೂವತ್ತರ ನಿಯಮ ತಲೆಯಲ್ಲೇ ಇತ್ತು. ಹುಟ್ಟಿದ ತಾರೀಕು ಕೇಳಿದೆ.

"ನಿಜವಾದ್ದಾ, ಕಾಗದದ್ದಾ?"

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಆಕೆ ಹುಟ್ಟಿದ್ದು 1996ರ ನವೆಂಬರ್, ದೀಪಾವಳಿ ಆಸುಪಾಸು. ಶಾಲೆಗೆ ಸೇರಿಸುವಾಗ ವಯಸ್ಸು ಸಾಲದು ಅಂತ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರು. ಆ ಕಾಲದ ಹಾಜರಿ ಪುಸ್ತಕ ತೆಗೆದರೆ ಅರ್ಧ ಕ್ಲಾಸು ಜೂನ್ 1ಕ್ಕೇ ಹುಟ್ಟಿರುತ್ತದೆ. ಆ ತಾರೀಕೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಬಂತು, ಅಲ್ಲಿಂದ ಪಾಸ್‌ಪೋರ್ಟಿಗೆ. ಅಂದರೆ ಆಕೆಗೆ ಕಾಗದದ ಪ್ರಕಾರ 2026ರ ಜೂನ್ 1ಕ್ಕೆ ಮೂವತ್ತು ತುಂಬುತ್ತದೆ.

ಈ ಅಕ್ಟೋಬರಿನಲ್ಲಿ ಸೇರಿದರೆ ಮೂವತ್ತು ತುಂಬೋ ಸೆಮಿಸ್ಟರ್ ಮುಗಿಯೋ ತನಕ, ಅಂದರೆ 2026ರ ಸೆಪ್ಟೆಂಬರ್ ಕೊನೆಯ ತನಕ, ವಿದ್ಯಾರ್ಥಿ ದರ. ಆಮೇಲೆ ಅದೇ ಸಂಸ್ಥೆಯಲ್ಲಿ ಸ್ವಯಂಪ್ರೇರಿತ ಸದಸ್ಯೆಯಾಗಿ ಮುಂದುವರಿಯಬಹುದು. ದರ ಏರುತ್ತದೆ, 2025ರ ಲೆಕ್ಕದಲ್ಲಿ ತಿಂಗಳಿಗೆ 250 ಯೂರೋ ಆಸುಪಾಸು ಇತ್ತು, ಆದರೆ ಬಾಗಿಲು ಮುಚ್ಚೋದಿಲ್ಲ. ಮುಂದಿನ ಅಕ್ಟೋಬರಿನಲ್ಲಿ ಹೋದರೆ? ಮೂವತ್ತು ದಾಟಿ ಮೊದಲ ಸಲ ಬಂದವರಿಗೆ ವಿದ್ಯಾರ್ಥಿಯಾಗಿ ಆ ವಿಮೆಯ ಒಳಗೆ ಬರೋಕೆ ಸಾಮಾನ್ಯವಾಗಿ ದಾರಿ ಇಲ್ಲ. ಪ್ರೈವೇಟ್ ಒಂದೇ ಗತಿ, ಅಲ್ಲಿ ಆರೋಗ್ಯದ ಪ್ರಶ್ನೆ, ಅಲ್ಲಿ ಡಯಾಬಿಟಿಸ್. ಆಕೆ ನಿಜವಾಗಿ ಹುಟ್ಟಿದ ದಿನದ ಲೆಕ್ಕ ಹಿಡಿದರೆ ಮುಂದಿನ ಅಕ್ಟೋಬರಿಗೂ ಇಪ್ಪತ್ತೊಂಬತ್ತೇ! ಮೇಷ್ಟ್ರು ಐದು ತಿಂಗಳು ಮುಂಚೆ ಹುಟ್ಟಿಸಿದ್ದರ ಬೆಲೆ ಇದು. ಏಪ್ರಿಲ್‌ನಲ್ಲಿ ಸೇರೋಕಾಗಲ್ವಾ ಅಂತ ಅಮ್ಮ ಒಳಗಿಂದಲೇ ಕೇಳಿದಳು, ಒಳ್ಳೇ ಪ್ರಶ್ನೆ. ಆಕೆಯ ಕೋರ್ಸಿಗೆ ಏಪ್ರಿಲ್ ಪ್ರವೇಶ ಇರಲಿಲ್ಲ.

ಮರುವಾರ ಸಿರುಗುಪ್ಪಕ್ಕೆ ಹೋದೆ. ಚಿಕ್ಕಪ್ಪ ನಾಟಿಗೆ ತಯಾರಿ ನಡೆಸಿದ್ದರು. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಅನ್ನೋ ಮಾತು ಮುಗಿದ ಮೇಲೆ ವಿಷಯ ಎತ್ತಿದೆ. ಅವರು ಕೇಳಿಸಿಕೊಂಡರು. "ಒಂದ್ ಕಾಗದದ ಸಲುವಾಗಿ ತಂಗಿ ಮದುವೆ ಬಿಟ್ಟು ಹೋಗ್ಬೇಕಾ?" ಅಂದರು. ಅವರಿಗೆ ಹೇಗೆ ಹೇಳಲಿ ಅಂತ ಯೋಚಿಸಿ ಅವರ ಭಾಷೆಯಲ್ಲೇ ಹೇಳಿದೆ, ಚಿಕ್ಕಪ್ಪ, ಇದು ಬೆಳೆ ವಿಮೆ ಥರ, ಕಟ್ ಆಫ್ ಡೇಟ್ ದಾಟಿದ ಮೇಲೆ ಎಷ್ಟು ಮಳೆ ಬಂದು ಬೆಳೆ ಕೊಚ್ಚಿ ಹೋದರೂ ಅರ್ಜಿ ತಗೊಳ್ಳಲ್ಲ. ಅವರಿಗೆ ಅರ್ಥ ಆಯಿತು. ಅರ್ಥ ಆಗಿದ್ದು ಬೇರೆ, ಒಪ್ಪಿದ್ದು ಬೇರೆ. "ನೀನೂ ಆಕಿನ ಕಡೀಗೇ ಮಾತಾಡ್ತಿ" ಅಂದು ಎದ್ದು ಹೋದರು. ಚಿಕ್ಕಮ್ಮ ಮಾತ್ರ ಹೊಸ್ತಿಲಲ್ಲಿ ಕೂತು ಮೆಲ್ಲಗೆ ಕೇಳಿದಳು, "ಅಲ್ಲಿ ಸೂಜಿಮದ್ದು ಸಿಕ್ಕೇ ಸಿಗುತ್ತಾ?" ಸಿಗುತ್ತೆ ಅಂದೆ. "ಹಂಗಾದ್ರೆ ಹೋಗ್ಲಿ."

ಬೇರೆ ದೇಶಗಳಿಗೆ ಹೊರಟವರು ಮೇಲ್ ಮಾಡಿ ಕೇಳೋದುಂಟು, ಅದನ್ನೂ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಬ್ರಿಟನ್ ಸಲೀಸು, ವೀಸಾ ಜೊತೆಗೇ ಹೆಲ್ತ್ ಸರ್‌ಚಾರ್ಜ್ ಕಟ್ಟಿಸಿಕೊಳ್ತಾರೆ, 2024ರ ಫೆಬ್ರವರಿಯಿಂದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಮಾಸ್ಟರ್ಸ್‌ಗೆ ವೀಸಾ ಹದಿನಾರು ತಿಂಗಳ ಆಸುಪಾಸು ಬರೋದರಿಂದ ಒಂದೂವರೆ ವರ್ಷದ ಲೆಕ್ಕ ಹಿಡಿದು 1,164 ಪೌಂಡ್ ಹೋಗುತ್ತದೆ, ಬಜೆಟ್‌ನಲ್ಲಿ ಇದನ್ನು ಮರೆಯೋರೇ ಜಾಸ್ತಿ. ಹಲ್ಲು, ಕಣ್ಣು ಬೇರೆ ಖರ್ಚು, ಹೋಗೋ ಮೊದಲು ಊರಲ್ಲೇ ಹಲ್ಲು ತೋರಿಸಿಕೊಂಡು ಹೋಗಿ. ಆಸ್ಟ್ರೇಲಿಯಾದಲ್ಲಿ ಓಎಸ್‌ಎಚ್‌ಸಿ ಕಡ್ಡಾಯ, ವೀಸಾ ಇರೋ ಅಷ್ಟೂ ದಿನಕ್ಕೆ. ಅಲ್ಲಿ ಮೊದಲೇ ಇದ್ದ ಕಾಯಿಲೆಗೆ ಹನ್ನೆರಡು ತಿಂಗಳು ಕಾಯಬೇಕಾದೀತು. ಕೆನಡಾದಲ್ಲಿ ಪ್ರಾಂತ್ಯಕ್ಕೊಂದು ನಿಯಮ. ಬ್ರಿಟಿಷ್ ಕೊಲಂಬಿಯಾದಲ್ಲಿ ಸರ್ಕಾರಿ ವಿಮೆ ಶುರುವಾಗೋಕೆ ಮೂರು ತಿಂಗಳು ಬೇಕು, ಆ ಮೂರು ತಿಂಗಳಿಗೆ ಬೇರೆ ಪಾಲಿಸಿ. ಒಂಟಾರಿಯೋದಲ್ಲಿ ಯೂನಿವರ್ಸಿಟಿಗಳ ಯುಹಿಪ್ ಇದೆ. ಎಂಬಿಬಿಎಸ್‌ಗೆ ಹೋಗೋರು ಇನ್ನೊಂದು ಸಾಲು ಓದಿ. ಹೆಚ್ಚಿನ ಪಾಲಿಸಿಗಳಲ್ಲಿ ಯುದ್ಧದಿಂದಾದ ಹಾನಿ ಹೊರಗಿರುತ್ತದೆ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ನಮ್ಮ ಹುಡುಗ ತೀರಿಕೊಂಡಾಗ, ಮೂರು ವಾರ ಆ ತಂದೆ ತಾಯಿ ಮಗನ ದೇಹಕ್ಕಾಗಿ ಕಾದದ್ದನ್ನು ಇಡೀ ಕರ್ನಾಟಕ ನೋಡಿದೆ. ಮೃತದೇಹ ಊರಿಗೆ ತರೋ ಖರ್ಚು ಪಾಲಿಸಿಯಲ್ಲಿ ಇದೆಯಾ ಅಂತ ಕೇಳೋಕೆ ನಾಲಿಗೆ ಏಳಲ್ಲ, ಗೊತ್ತು. ಆದರೂ ಕೇಳಿ. ಮನೆಯವರ ಮುಂದೆ ಬೇಡ, ಏಜೆಂಟಿಗೆ ಮೇಲ್ ಮಾಡಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.

ಹಾಗಂತ ಕನ್ಸಲ್ಟೆನ್ಸಿಯವನು ಕೊಟ್ಟ 'ಫ್ರೀ' ಪಾಲಿಸಿ ಕಸಕ್ಕೆ ಹಾಕೋದಲ್ಲ. ತಂಗಿ ಹೋಗೋದು ಸೆಪ್ಟೆಂಬರ್ 20ಕ್ಕೆ, ಶಾಸನಬದ್ಧ ವಿಮೆ ಶುರುವಾಗೋದು ಸೆಮಿಸ್ಟರಿನ ಮೊದಲ ದಿನ, ಅಕ್ಟೋಬರ್ 1ಕ್ಕೆ. ನಡುವಿನ ಹತ್ತು ದಿನಕ್ಕೆ ಆ ಪಾಲಿಸಿ ಸರಿಹೋಯಿತು. ವೀಸಾಗೂ ಅದು ಬೇಕಿತ್ತು. ಆದರೆ ಅದರಲ್ಲಿ ಶುಗರ್ ಬರಲ್ಲ ಅಂತ ಗೊತ್ತಿದ್ದರಿಂದ ಮೂರು ತಿಂಗಳ ಇನ್ಸುಲಿನ್, ಡಾಕ್ಟರ್ ಇಂಗ್ಲಿಷಿನಲ್ಲಿ ಬರೆದುಕೊಟ್ಟ ಪತ್ರ, ಬಿಲ್ಲು, ಎಲ್ಲಾ ತಂಪು ಚೀಲದಲ್ಲಿ ಕ್ಯಾಬಿನ್ ಬ್ಯಾಗಿಗೆ ಹಾಕಿದೆವು. ಚೆಕ್-ಇನ್ ಲಗೇಜಿಗೆ ಹಾಕಬಾರದು, ಕೆಳಗೆ ಹೆಪ್ಪುಗಟ್ಟಿದರೆ ಇನ್ಸುಲಿನ್ ಕೆಟ್ಟಂತೆ. ಕ್ರಾಂಕೆನ್‌ಕಾಸೆಗೆ ಅರ್ಜಿಯನ್ನು ಇಲ್ಲಿಂದಲೇ ಆನ್‌ಲೈನಿನಲ್ಲಿ ಹಾಕಿದಳು. ಅವರು ಯೂನಿವರ್ಸಿಟಿಗೆ ನೇರವಾಗಿ 'ಎಂ-10' ಅನ್ನೋ ಸಂದೇಶ ಕಳಿಸದೆ ದಾಖಲಾತಿ ಪೂರ್ತಿಯಾಗೋದಿಲ್ಲ.

ಇನ್ನೊಂದು ಕೆಲಸ ಊರಲ್ಲೇ ಮಾಡಿಸಿದೆ. ಕೆಲಸ ಬಿಟ್ಟ ದಿನ ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಕೂಡ ಹೋಗುತ್ತದೆ. ನಾಳೆ ಓದು ಮುಗಿಸಿ ಬಂದು ಹೊಸದಾಗಿ ಪಾಲಿಸಿ ಮಾಡಿಸಿದರೆ ಡಯಾಬಿಟಿಸ್‌ಗೆ ಮತ್ತೆ ಮೂರು ವರ್ಷದ ತನಕ ಕಾಯಿಸಬಹುದು. ರಾಜೀನಾಮೆ ಕೊಡೋ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳೋಕೆ ಆಗುತ್ತಾ ಕೇಳು ಅಂದೆ. ಆಗುತ್ತೆ ಅಂದರಂತೆ. ಅದರ ವರ್ಷದ ಕಂತನ್ನು ಅಪ್ಪ ಕಟ್ಟಿದರು. ನಾನು ಕಟ್ಟುತ್ತೇನೆ ಅಂದರೆ, "ನಿಂದು ಕಟ್ಟೋಕಾಗಲಿಲ್ಲ, ಆಕಿದು ಕಟ್ತೀನಿ ಬಿಡು" ಅಂದರು.

ಸೆಪ್ಟೆಂಬರಿನಲ್ಲಿ ಆಕೆ ಹೊರಟಾಗ ಚಿಕ್ಕಪ್ಪ ಬೆಂಗಳೂರಿನ ತನಕ ಬಂದರು. ಏರ್‌ಪೋರ್ಟಿನಲ್ಲಿ ನನ್ನ ಜೊತೆ ಮಾತಾಡಲಿಲ್ಲ. ತಂಗಿಯ ತಂಪು ಚೀಲವನ್ನು ಮಾತ್ರ ಒಳಗೆ ಹೋಗೋ ತನಕ ತಾವೇ ಹಿಡಿದುಕೊಂಡಿದ್ದರು.

ನವೆಂಬರಿನಲ್ಲಿ ಒಂದು ಸಂಜೆ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೋ ಬಂತು. ಮೆಡಿಕಲ್ ಶಾಪಿನ ರಸೀದಿ, ಪಕ್ಕದಲ್ಲಿ ಹೊಸ ಇನ್ಸುಲಿನ್ ಡಬ್ಬ. ಕೆಳಗೆ, "ಅಕ್ಕ, ಹತ್ತು ಯೂರೋ. ಇವತ್ತು ನನ್ನ ನಿಜವಾದ ಹ್ಯಾಪಿ ಬರ್ತ್‌ಡೇ, ಮರೆತಿದ್ಯಾ?" ಮರೆತಿದ್ದೆ. ಆ ಫೋಟೋವನ್ನು ಚಿಕ್ಕಪ್ಪನ ನಂಬರಿಗೆ ಫಾರ್ವರ್ಡ್ ಮಾಡಿದೆ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ.

ಮೊನ್ನೆ ಮದುವೆ ಕಾರ್ಡ್ ಬಂದಿದೆ. ಕೊಡೋಕೆ ಚಿಕ್ಕಪ್ಪನೇ ಬಂದಿದ್ದರಂತೆ, ನಾನು ಆಫೀಸ್ ಕಾಲ್‌ನಲ್ಲಿದ್ದೆ. ಅಪ್ಪನ ಜೊತೆ ಚಹಾ ಕುಡಿದು, ವರಾಂಡದಲ್ಲೇ ಕೂತು ಎದ್ದು ಹೋದರಂತೆ. ಹೋಗುವಾಗ ಅಪ್ಪನನ್ನು ಒಂದೇ ಕೇಳಿದರಂತೆ, ಮುಹೂರ್ತದ ಹೊತ್ತಿಗೆ ಅಲ್ಲಿ ಎಷ್ಟು ಗಂಟೆ ಆಗಿರುತ್ತೆ ಅಂತ. ನಾನು ಲೆಕ್ಕ ಹಾಕಿ ಹೇಳಿ ಕಳಿಸಿದ್ದೇನೆ. ಬೆಳಗಿನ ಜಾವ ಐದೂವರೆ. ಆಕೆ ಎದ್ದಿರುತ್ತಾಳೆ, ಮೊದಲ ಇನ್ಸುಲಿನ್ ಹೊತ್ತು ಅದು.